ಬಿರುಕು ಬಿಟ್ಟ ಗೋಡೆ, ಸೋರುವ ತಾರಸಿ, ಅರ್ಧಕ್ಕೆ ನಿಂತ ಮನೆ: ಓದುಗರ ಪ್ರಶ್ನೆಗೆ ಉತ್ತರ

ಈ ಸಲ ದಾವಣಗೆರೆ, ಚಿತ್ರದುರ್ಗ ಜಿಲ್ಲೆಗಳ ಓದುಗರಲ್ಲಿ ಮನೆ ಕಟ್ಟಿಸಿ ಗುತ್ತಿಗೆದಾರರ ಜೊತೆ ತಕರಾರಿಗೆ ಬಿದ್ದವರ ಪತ್ರಗಳನ್ನು ಆರಿಸಿಕೊಂಡಿದ್ದೇವೆ. ಸಿವಿಲ್ ಎಂಜಿನಿಯರ್ ಮತ್ತು ವಕೀಲರು ಸೇರಿ ಉತ್ತರ ಬರೆದಿದ್ದಾರೆ. ಎಲ್ಲರಿಗೂ ಅನ್ವಯಿಸುವ ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇವೆ. ಕೆಲಸ ಎಲ್ಲಿ ಕೆಟ್ಟಿದೆ, ಯಾಕೆ ಕೆಟ್ಟಿದೆ ಎಂಬುದು ಅಳತೆ, ಫೋಟೊ, ಬರಹದಲ್ಲಿ ದಾಖಲಾಗುವ ತನಕ ಆ ಜಾಗಕ್ಕೆ ಗಾರೆ ಮುಟ್ಟಿಸಬೇಡಿ. ಬಿರುಕಿಗೆ ಪುಟ್ಟಿ ಬಳಿದು ಬಣ್ಣ ಹೊಡೆಸಿದ ಮೇಲೆ ಅದು ಎಷ್ಟು ಅಗಲವಿತ್ತು, ಎಲ್ಲಿಂದ ಎಲ್ಲಿಗೆ ಹೋಗಿತ್ತು ಎಂದು ಯಾವ ಎಂಜಿನಿಯರೂ ಹೇಳಲಾರರು.

ಪ್ರಶ್ನೆ: ದಾವಣಗೆರೆ ಹೊರವಲಯದ ಹೊಸ ಬಡಾವಣೆಯಲ್ಲಿ ಹತ್ತು ಚದರದ ಮನೆಯನ್ನು ಮಟೀರಿಯಲ್ ಸಮೇತ ಗುತ್ತಿಗೆ ಕೊಟ್ಟು ಕಟ್ಟಿಸಿದೆವು. 24 ಲಕ್ಷ ಕೊಟ್ಟಿದ್ದೇವೆ. ಗೃಹಪ್ರವೇಶವಾಗಿ ಒಂದು ವರ್ಷ. ಬೇಸಿಗೆಯಲ್ಲಿ ಕಿಟಕಿಗಳ ಮೂಲೆಯಿಂದ ಓರೆಯಾಗಿ ಬಿರುಕು ಬಂತು. ಹಾಲ್‌ನಲ್ಲಿ ಗೋಡೆ ಬದಿಯ ಟೈಲ್ಸ್ ಅರ್ಧ ಇಂಚು ಇಳಿದಿದೆ. "ಎರೆ ನೆಲ ಸರ್, ಅದಕ್ಕೆ ನಾನೇನ್ ಮಾಡ್ಲಿ" ಎನ್ನುತ್ತಾರೆ ಗುತ್ತಿಗೆದಾರರು. ತಪ್ಪು ಯಾರದು?

ಎರೆ ಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗಿ ಬಾಯಿ ಬಿಡುತ್ತದೆ. ಇದು ದಾವಣಗೆರೆಯಲ್ಲಿ ಮನೆ ಕಟ್ಟುವ ಪ್ರತಿಯೊಬ್ಬ ಮೇಸ್ತ್ರಿಗೂ ಗೊತ್ತಿರುವ ಸಂಗತಿ. ಗೊತ್ತಿರುವುದರಿಂದಲೇ ಅದು ನೆಪವಾಗುವುದಿಲ್ಲ. ಮಣ್ಣಿಗೆ ತಕ್ಕ ಪಾಯ ಹಾಕಿದರೇ ಇಲ್ಲವೇ ಎಂಬುದಷ್ಟೇ ಪ್ರಶ್ನೆ.

ಮೊದಲು ಬಿರುಕನ್ನು ಓದಿಕೊಳ್ಳಿ. ಜೇಡರ ಬಲೆಯಂತೆ ಗೋಡೆ ತುಂಬ ಹರಡಿದ ಕೂದಲೆಳೆ ಬಿರುಕು ಪ್ಲಾಸ್ಟರ್ ಒಣಗುವಾಗ ಬಂದದ್ದು, ಕ್ಯೂರಿಂಗ್ (ನೀರು ಹೊಡೆದು ತೇವವಾಗಿಡುವುದು) ಸಾಲದ್ದರ ಗುರುತು. ಬೀಮ್ ಅಥವಾ ಕಾಲಂ ಗೋಡೆಯನ್ನು ಸೇರುವ ಗೆರೆಯಲ್ಲಿ ನೇರವಾಗಿ ಬಂದಿದ್ದರೆ, ಅಲ್ಲಿ ಪ್ಲಾಸ್ಟರ್ ಮಾಡುವ ಮೊದಲು ಕೋಳಿಬಲೆ ಬಡಿದಿಲ್ಲ ಎಂದರ್ಥ. ಇವೆರಡೂ ಮನೆಯ ಬಲಕ್ಕೆ ಧಕ್ಕೆ ತರುವಂಥವಲ್ಲ. ಕಿಟಕಿ ಮೂಲೆಯಿಂದ ಓರೆಯಾಗಿ ಏರುತ್ತ, ಇಟ್ಟಿಗೆ ಕೀಲುಗಳಲ್ಲಿ ಮೆಟ್ಟಿಲಿನಂತೆ ಸಾಗುತ್ತ, ಒಳಗೂ ಹೊರಗೂ ಒಂದೇ ಜಾಗದಲ್ಲಿ ಕಾಣಿಸುವ ಬಿರುಕು ಬೇರೆ ಜಾತಿಯದು. ಅದು ಪಾಯ ಅಲುಗಿದ್ದರ ಲಕ್ಷಣ. ನೀವು ಬರೆದಿರುವುದು ಇದೇ ಇರಬೇಕು. ಹೊರಗೋಡೆಯಲ್ಲೂ ಅದೇ ಗೆರೆ ಇದೆಯೇ ನೋಡಿ.

ಬಿರುಕು ಇನ್ನೂ ಚಲಿಸುತ್ತಿದೆಯೇ ತಿಳಿಯಲು ಎರಡು ಪಕ್ಕದ ಬಣ್ಣ ಕೆರೆದು, ಅಡ್ಡಲಾಗಿ ತೆಳು ಗಾಜಿನ ಪಟ್ಟಿ ಇಟ್ಟು ಎರಡು ತುದಿಗೂ ಎಪಾಕ್ಸಿ ಅಂಟು ಹಾಕಿ, ಪಕ್ಕದಲ್ಲಿ ದಿನಾಂಕ ಬರೆಯಿರಿ. ಗೋಡೆ ಅಲುಗಿದರೆ ಗಾಜು ಒಡೆಯುತ್ತದೆ. ಬಿರುಕಿನ ಎರಡು ಕೊನೆಗೂ ಪೆನ್ಸಿಲ್ ಗೆರೆ ಎಳೆದು ತಾರೀಖು ಹಾಕಿ, ತಿಂಗಳಿಗೊಮ್ಮೆ ಸ್ಕೇಲ್ ಪಕ್ಕದಲ್ಲಿಟ್ಟು ಫೋಟೊ ತೆಗೆಯಿರಿ. ಏಪ್ರಿಲ್‌ನಲ್ಲಿ ಅಗಲವಾಗಿ ಮಳೆಗಾಲದಲ್ಲಿ ಕೂಡಿಕೊಳ್ಳುವ ಬಿರುಕು ಎರೆ ಮಣ್ಣಿನದು. ಮಳೆ ಬಂದರೂ ಕೂಡದೆ ಬೆಳೆಯುತ್ತಲೇ ಹೋದರೆ ಪಾಯ ಕುಸಿಯುತ್ತಿದೆ. ಆಗ ಋತು ಕಾಯುತ್ತ ಕೂರಬೇಡಿ, ಸ್ಟ್ರಕ್ಚರಲ್ ಎಂಜಿನಿಯರನ್ನು ಕೂಡಲೇ ಕರೆಸಿ.

ಇನ್ನು ಪಾಯ. ಬಿರುಕಿರುವ ಗೋಡೆಯ ಹೊರಗೆ ಒಂದೇ ಕಡೆ, ಮೂರು ಅಡಿಗಿಂತ ಉದ್ದವಿಲ್ಲದಂತೆ, ಎಂಜಿನಿಯರ್ ಎದುರಿನಲ್ಲೇ ಗುಂಡಿ ತೆಗೆಸಿ ಪಾಯದ ತಳ ನೋಡಬೇಕು. ನೋಡಬೇಕಾದ್ದು ಮೂರು: ನೆಲಮಟ್ಟದಿಂದ ತಳ ಎಷ್ಟು ಆಳದಲ್ಲಿದೆ, ಕೆಳಗೆ ಬೆಡ್ ಕಾಂಕ್ರೀಟ್ ಇದೆಯೇ, ಅದು ಕೂತಿರುವುದು ಎರೆಯ ಮೇಲೋ ಗೊಚ್ಚಿನ (ಗಟ್ಟಿ ಹರಳುಮಣ್ಣಿನ) ಮೇಲೋ. ಐದಾರು ಅಡಿಯಲ್ಲಿ ಗೊಚ್ಚು ಸಿಗುವ ಜಾಗದಲ್ಲಿ ಮೂರು ಅಡಿಗೇ ಸೈಜುಗಲ್ಲು ಕಟ್ಟಿ ನಿಲ್ಲಿಸಿದ್ದರೆ ಬೇರೆ ಸಾಕ್ಷಿಯೇ ಬೇಡ. ಎರೆ ತುಂಬ ಆಳವಿರುವ ಕಡೆ, ನೀರು ಏರಿಳಿಯುವ ಪದರ ದಾಟಿ ಸುಮಾರು ಮೂರೂವರೆ ಮೀಟರ್ ತನಕ ಇಳಿಯುವ, ತಳದಲ್ಲಿ ಅಗಲಿಸಿದ ಕಾಂಕ್ರೀಟ್ ಕಂಬ (ಪೈಲ್) ಹಾಕುವುದು ರೂಢಿ. ಹಾಗೆಯೇ ಗೋಡೆಗಳನ್ನೆಲ್ಲ ಕಟ್ಟಿಹಾಕುವ ಪ್ಲಿಂತ್ ಬೀಮ್ ಇದೆಯೇ ನೋಡಿ. ಎರೆ ನೆಲದಲ್ಲಿ ಅದನ್ನು ಬಿಟ್ಟು ಕಟ್ಟುವುದು ದೊಡ್ಡ ತಪ್ಪು. ನೋಡಿ ಮುಗಿದ ದಿನವೇ ಗುಂಡಿಗೆ ಗೊಚ್ಚು ತುಂಬಿ ಬಡಿಸಿ. ತೆರೆದಿಟ್ಟ ಗುಂಡಿಗೆ ಮಳೆ ನೀರು ಇಳಿದರೆ ಇನ್ನೊಂದು ಬಿರುಕು ಬರುತ್ತದೆ.

ಟೈಲ್ಸ್ ಇಳಿದಿರುವುದು ನಿಮ್ಮ ಪತ್ರದ ಅತಿ ಮುಖ್ಯ ಸಾಲು ಎಂದು ನಮಗನ್ನಿಸುತ್ತದೆ. ಪಾಯದಿಂದ ಅಗೆದ ಎರೆ ಮಣ್ಣನ್ನು ಹೊರಗೆ ಸಾಗಿಸಲು ಟ್ರ್ಯಾಕ್ಟರ್ ಬಾಡಿಗೆ ಬೇಕು, ಹೊರಗಿನಿಂದ ಗೊಚ್ಚು ತರಿಸಲು ಮತ್ತೆ ದುಡ್ಡು ಬೇಕು. ಎರಡೂ ಉಳಿಯಲಿ ಎಂದು ಅಗೆದ ಮಣ್ಣನ್ನೇ ಬೇಸ್‌ಮೆಂಟ್ (ಪಾಯದ ಮೇಲೆ, ಮನೆಯ ನೆಲದ ಕೆಳಗಿನ ಜಾಗ) ಒಳಗೆ ತುಂಬುವವರಿದ್ದಾರೆ. ಗೊಚ್ಚು ತುಂಬಿದರೂ ಆರರಿಂದ ಒಂಬತ್ತು ಇಂಚಿನ ಪದರಗಳಲ್ಲಿ ನೀರು ಹಾಕಿ ದಿಮ್ಮಸು ಹೊಡೆಯದೆ ಒಂದೇ ಸಲ ಸುರಿದರೆ ಅದು ವರ್ಷದೊಳಗೆ ಕೂರುತ್ತದೆ, ಮೇಲಿನ ನೆಲವೂ ಕೂರುತ್ತದೆ. ಇಳಿದ ಕಡೆ ಒಂದು ಟೈಲ್ ತೆಗೆಸಿ, ಕೆಳಗಿನ ಕಾಂಕ್ರೀಟ್ ಒಡೆದು, ಒಂದಡಿ ಆಳದಿಂದ ಮಣ್ಣು ತೆಗೆಸಿ. ಕೆಂಪಗೆ ಹರಳು ಹರಳಾಗಿದ್ದರೆ ಗೊಚ್ಚು. ಕಪ್ಪಗೆ ಅಂಟಂಟಾಗಿದ್ದರೆ ಎರೆ. ಆ ಮಣ್ಣನ್ನು ಚೀಲಕ್ಕೆ ಹಾಕಿ ಸೀಲ್ ಮಾಡಿ ಎಂಜಿನಿಯರಿಂಗ್ ಕಾಲೇಜಿನ ಸಿವಿಲ್ ವಿಭಾಗದ ಲ್ಯಾಬಿಗೆ ಕೊಡಿ. ಯುಬಿಡಿಟಿ, ಬಿಐಇಟಿ ಎರಡೂ ನಿಮ್ಮ ಊರಲ್ಲೇ ಇವೆ. ವಿಭಾಗದ ಮುಖ್ಯಸ್ಥರಿಗೆ ಅರ್ಜಿ ಬರೆದು ವಿಚಾರಿಸಿ. ಕೇಳಬೇಕಾದ ಪರೀಕ್ಷೆಯ ಹೆಸರು ಫ್ರೀ ಸ್ವೆಲ್ ಇಂಡೆಕ್ಸ್. ಒಣ ಮಣ್ಣು 10 ಗ್ರಾಂ ನೀರಿನಲ್ಲಿ, ಇನ್ನು 10 ಗ್ರಾಂ ಸೀಮೆಎಣ್ಣೆಯಲ್ಲಿ 24 ಗಂಟೆ ಬಿಟ್ಟು, ನೀರಿನಲ್ಲಿರುವುದು ಎಷ್ಟು ಹೆಚ್ಚು ಉಬ್ಬಿತು ಎಂದು ಅಳೆಯುತ್ತಾರೆ. 50% ದಾಟಿದ ಮಣ್ಣನ್ನು ನೆಲದ ಕೆಳಗೆ ತುಂಬಿದ್ದು ಸಾಬೀತಾದರೆ "ಎರೆ ನೆಲ, ನಾನೇನ್ ಮಾಡ್ಲಿ" ಎಂಬ ಮಾತು ನಿಲ್ಲುವುದಿಲ್ಲ. ಸೈಟಿನ ಮಣ್ಣು ಅವರು ತಂದದ್ದಲ್ಲ ನಿಜ, ಆದರೆ ತುಂಬಿದ ಮಣ್ಣು ಅವರ ಕೈಯದೇ.

ನಿಮ್ಮ ಕಡೆಯ ಲೋಪವನ್ನೂ ಪರಿಶೀಲಿಸಿಕೊಳ್ಳಿ. ನಕ್ಷೆಯಲ್ಲಿ ಐದು ಅಡಿ ಇದ್ದದ್ದನ್ನು ಖರ್ಚು ಉಳಿಸಲು ನೀವೇ ನಾಲ್ಕಕ್ಕೆ ಇಳಿಸಿದ್ದರೆ ಹೊಣೆ ಹಂಚಿಹೋಗುತ್ತದೆ. ಗೋಡೆಗೆ ಹೊಂದಿಕೊಂಡು ಗಿಡ ಹಾಕಿ ದಿನಾ ನೀರು ಬಿಡುತ್ತಿದ್ದರೆ, ಬಚ್ಚಲ ನೀರು ಪಾಯದ ಬುಡದಲ್ಲೇ ಇಂಗುತ್ತಿದ್ದರೆ ಎದುರು ಪಕ್ಷದವರು ಅದನ್ನೇ ಹಿಡಿಯುತ್ತಾರೆ. ಫೋಟೊ ತೆಗೆದು ಮುಗಿದ ಮೇಲೆ ಮನೆ ಸುತ್ತ ಹೊರಕ್ಕೆ ಇಳಿಜಾರಾಗಿ ಮೂರು ಅಡಿ ಅಗಲದ ಕಾಂಕ್ರೀಟ್ ಪಟ್ಟಿ ಹಾಕಿಸಿ, ನೀರು ದೂರ ಹರಿಸಿ. ಇದು ಸಾಕ್ಷ್ಯ ಕೆಡಿಸುವುದಿಲ್ಲ, ಹಾನಿ ಬೆಳೆಯದಂತೆ ತಡೆಯುತ್ತದೆ. ಬೆಳೆಯುವ ಹಾನಿಯನ್ನು ಕೈಲಾದಷ್ಟು ತಡೆಯುವುದು ಕಾನೂನಿನಲ್ಲೂ ನಿಮ್ಮ ಕರ್ತವ್ಯವೇ.

ಎಂಜಿನಿಯರ್ ವರದಿಯಲ್ಲಿ "ಬಿರುಕುಗಳಿವೆ" ಎಂದು ಬರೆದರೆ ಸಾಲದು. ಯಾವ ಬಿರುಕು, ಎಷ್ಟು ಮಿಲಿಮೀಟರ್, ಕಾರಣ ಏನು, ನಕ್ಷೆಗೂ ಕೆಲಸಕ್ಕೂ ಎಲ್ಲಿ ವ್ಯತ್ಯಾಸ, ಸರಿಪಡಿಸುವ ಬಗೆ ಹೇಗೆ, ಅದಕ್ಕೆ ಎಷ್ಟು ಖರ್ಚು, ಇಷ್ಟೂ ಇರಬೇಕು. ವರದಿಯ ಪ್ರತಿಯನ್ನು ನೋಟಿಸಿನ ಜೊತೆ ಗುತ್ತಿಗೆದಾರರಿಗೆ ಕಳಿಸಿ, ಸರಿಪಡಿಸಲು 15 ದಿನ ಕೊಡಿ. ಒಪ್ಪದಿದ್ದರೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಕೊಡಬಹುದು. ಅದರ ವಿವರ ಮುಂದಿನ ಉತ್ತರದಲ್ಲಿದೆ.

ಪ್ರಶ್ನೆ: ಚಿತ್ರದುರ್ಗದಲ್ಲಿ ಕಟ್ಟಿಸಿದ ಮನೆ ಕೈಗೆ ಬಂದು ಎರಡು ವರ್ಷ ಮೂರು ತಿಂಗಳಾಯಿತು. ಮೊದಲ ಮಳೆಗಾಲದಿಂದಲೇ ತಾರಸಿ ಸೋರುತ್ತಿದೆ. ಈಗ ಮಲಗುವ ಕೋಣೆಯ ಸೀಲಿಂಗಿನಿಂದ ಚಕ್ಕೆ ಬಿದ್ದು ತುಕ್ಕು ಹಿಡಿದ ಕಂಬಿ ಕಾಣುತ್ತಿದೆ. ಗುತ್ತಿಗೆದಾರರು ಪ್ರತಿ ಸಲವೂ "ಬಂದು ಮಾಡಿಕೊಡ್ತೀನಿ" ಎಂದು ವಾಟ್ಸ್ಆ್ಯಪ್ ಮಾಡುತ್ತಾರೆ, ಒಮ್ಮೆ ಮೇಲೆ ಕೆಮಿಕಲ್ ಪೇಂಟ್ ಬಳಿಸಿ ಹೋದರು. ಎರಡು ವರ್ಷ ದಾಟಿದ್ದರಿಂದ ದೂರು ಕೊಡಲು ಬರುವುದಿಲ್ಲವೇ?

ಅವಧಿಯ ಮಾತು ಮೊದಲು, ಏಕೆಂದರೆ ನಿಮಗೆ ದಿನಗಳು ಮುಖ್ಯ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ 69ನೇ ಕಲಂ ಪ್ರಕಾರ, ದೂರಿಗೆ ಕಾರಣ ಹುಟ್ಟಿದ ದಿನದಿಂದ ಎರಡು ವರ್ಷದೊಳಗೆ ದೂರು ಕೊಡಬೇಕು. ತಡವಾದರೆ ಸಕಾರಣ ತೋರಿಸಿ, ವಿಳಂಬ ಮನ್ನಿಸಿ ಎಂಬ ಪ್ರತ್ಯೇಕ ಅರ್ಜಿಯನ್ನು ಪ್ರಮಾಣಪತ್ರದೊಂದಿಗೆ (ಅಫಿಡವಿಟ್) ಹಾಕಲು ಅದೇ ಕಲಂ ಅವಕಾಶ ಕೊಡುತ್ತದೆ. ಮಾಡಿಕೊಡ್ತೀನಿ ಎಂದು ಬಂದ ಸಂದೇಶಗಳು ಇಲ್ಲಿ ನಿಮ್ಮ ಆಧಾರ. ಕಂಬಿ ತುಕ್ಕು ಹಿಡಿದಿರುವುದು ಕಣ್ಣಿಗೆ ಬಿದ್ದದ್ದು ಯಾವತ್ತು ಎಂಬುದನ್ನೂ ಸ್ಪಷ್ಟವಾಗಿ ಬರೆಯಿರಿ, ಸೋರಿಕೆಯಿಂದ ಅದು ಬೇರೆ ದೋಷ. ಆದರೆ ಆಯೋಗ ಮನ್ನಿಸಿಯೇ ತೀರುತ್ತದೆ ಎಂದು ನಂಬಿ ಇನ್ನೊಂದು ಮಳೆಗಾಲ ಕಾಯಬೇಡಿ. ಅಲ್ಲಿ ಮನ್ನಿಸದಿದ್ದರೂ ಸಿವಿಲ್ ನ್ಯಾಯಾಲಯದಲ್ಲಿ ಒಪ್ಪಂದ ಮುರಿದದ್ದಕ್ಕೆ ನಷ್ಟ ಕೇಳಲು ಮೂರು ವರ್ಷದ ಅವಧಿ ಇದೆ. ಅದೂ ನಿಮಗೆ ದೂರವಿಲ್ಲ.

ವಾಟ್ಸ್ಆ್ಯಪ್ ಸಂದೇಶಗಳ ಸ್ಕ್ರೀನ್‌ಶಾಟ್ ಮಾತ್ರ ಇಟ್ಟುಕೊಂಡು ಮೂಲ ಅಳಿಸಬೇಡಿ. ಫೋನ್ ಬದಲಾಯಿಸುವುದಾದರೆ ಹಳೆಯದನ್ನು ಹಾಗೇ ಎತ್ತಿಡಿ. ಇಂಥ ದಾಖಲೆಯ ಮುದ್ರಿತ ಪ್ರತಿ ಕೊಡುವಾಗ 2023ರ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಕಾರದ ಪ್ರಮಾಣಪತ್ರ ಲಗತ್ತಿಸಲು ವಕೀಲರಿಗೆ ಹೇಳಿ.

ಈಗ ತಾರಸಿ. ಮಳೆ ನೀರಿನ ಪೈಪುಗಳ ಬಾಯಿ ಕಟ್ಟಿ, ಎರಡು ಇಂಚು ನೀರು ನಿಲ್ಲಿಸಿ 48 ಗಂಟೆ ಬಿಡಿ. ಎಂಜಿನಿಯರ್ ಒಪ್ಪಿದರೆ ಮಾತ್ರ. ಚಕ್ಕೆ ಎದ್ದ ಕೋಣೆಯಲ್ಲಿ ಆಗ ಯಾರೂ ಮಲಗಬಾರದು. ಕೆಳಗೆ ಒದ್ದೆ ಮೂಡಿದ ಜಾಗವನ್ನು ಸೀಮೆಸುಣ್ಣದಿಂದ ಗುರುತಿಸಿ, ಆರು ಗಂಟೆಗೊಮ್ಮೆ ಫೋಟೊ ತೆಗೆಯಿರಿ. ನೀರು ಪ್ಯಾರಾಪೆಟ್ ಬುಡದಿಂದ ಬರುತ್ತಿದೆಯೋ, ಪೈಪ್ ಸುತ್ತಿನಿಂದಲೋ, ಸ್ಲ್ಯಾಬ್ ನಡುವಿನಿಂದಲೋ ಎಂಬುದು ಇದರಿಂದ ಗೊತ್ತಾಗುತ್ತದೆ. ನಡುವಿನಿಂದ ಬಂದರೆ ಕಾಂಕ್ರೀಟಿನೊಳಗೇ ಜೇನುಗೂಡಿನಂತೆ ಪೊಳ್ಳಿದೆ. ಮೇಲೆ ಬಳಿದ ಪೇಂಟ್ ಅಂಥ ಪೊಳ್ಳನ್ನು ತುಂಬುವುದಿಲ್ಲ, ಒಂದೆರಡು ಬೇಸಿಗೆಯ ಬಿಸಿಲಿಗೆ ಬಿರಿದು ಹೋಗುತ್ತದೆ.

ಪೊಳ್ಳು ಯಾಕೆ ಬರುತ್ತದೆ? ವೈಬ್ರೇಟರ್ ಬದಲು ಕಂಬಿಯಿಂದ ಚುಚ್ಚಿ ಮುಗಿಸಿರಬಹುದು. ಸೆಂಟ್ರಿಂಗ್ ಶೀಟುಗಳ ಸಂದಿಯಿಂದ ಸಿಮೆಂಟ್ ಹಾಲು ಸೋರಿ ಹೋಗಿ ಬರೀ ಜಲ್ಲಿ ಉಳಿದಿರಬಹುದು. ಎಲ್ಲಕ್ಕಿಂತ ಹೆಚ್ಚಾಗಿ, ಕಾಂಕ್ರೀಟ್ ಸುಲಭವಾಗಿ ಹರಿಯಲಿ ಎಂದು ನೀರು ಜಾಸ್ತಿ ಹೊಯ್ದಿರುತ್ತಾರೆ. ಎಂ20 (ಚದರ ಮಿ.ಮೀ.ಗೆ 20 ನ್ಯೂಟನ್ ಬಲದ ದರ್ಜೆ) ಕಾಂಕ್ರೀಟಿಗೆ 50 ಕೆ.ಜಿ. ಮೂಟೆಯೊಂದಕ್ಕೆ 30 ಲೀಟರ್ ನೀರು ಮೇರೆ ಎನ್ನುತ್ತದೆ ಕಾಂಕ್ರೀಟ್ ಕೆಲಸದ ಭಾರತೀಯ ಮಾನಕ ಐಎಸ್ 456. ಮರಳಿನಲ್ಲಿರುವ ತೇವವೂ ಅದರಲ್ಲೇ ಸೇರಬೇಕು. ಮಿಕ್ಸರ್ ಹತ್ತಿರ ಲೆಕ್ಕವಿಲ್ಲದೆ ಬಕೆಟ್ ಸುರಿಯುವುದು ನೋಡಿದರೆ ಈ ಮಿತಿ ಯಾರ ನೆನಪಿನಲ್ಲೂ ಇರುವಂತೆ ಕಾಣುವುದಿಲ್ಲ. ಹೆಚ್ಚುವರಿ ನೀರು ಆವಿಯಾದ ಕಡೆಯೆಲ್ಲ ಸೂಕ್ಷ್ಮ ರಂಧ್ರ ಉಳಿಯುತ್ತದೆ, ಬಲವೂ ಇಳಿಯುತ್ತದೆ.

ಕಂಬಿ ತುಕ್ಕಿಗೆ ಕಾರಣ ಬಹುತೇಕ ಕವರ್ (ಕಂಬಿಯನ್ನು ಮುಚ್ಚುವ ಕಾಂಕ್ರೀಟ್) ಇಲ್ಲದಿರುವುದು. ಸ್ಲ್ಯಾಬಿನ ಕಂಬಿ ಕೆಳಗೆ ಕನಿಷ್ಠ 20 ಮಿ.ಮೀ. ಕಾಂಕ್ರೀಟ್ ಇರಬೇಕು. ಕವರ್ ಬ್ಲಾಕ್ ಬದಲು ಜಲ್ಲಿ ಚೂರು ಇಟ್ಟರೆ, ಕೆಲಸದವರು ಓಡಾಡುವಾಗ ಅದು ಜಾರಿ ಕಂಬಿ ಶೀಟಿಗೇ ತಾಗುತ್ತದೆ. ಚಕ್ಕೆ ಬಿದ್ದ ಜಾಗದಲ್ಲಿ ಸ್ಕೇಲ್ ಇಟ್ಟು ಕಂಬಿ ಕೆಳಗೆ ಎಷ್ಟು ದಪ್ಪ ಕಾಂಕ್ರೀಟ್ ಇತ್ತು ಅಳೆಯಿರಿ, ಬಿದ್ದ ಚಕ್ಕೆಗಳನ್ನು ಎಸೆಯದೆ ಡಬ್ಬಿಗೆ ಹಾಕಿ ತಾರೀಖು ಬರೆದಿಡಿ. 5 ಮಿ.ಮೀ. ದಪ್ಪದ ಚಕ್ಕೆ ನೂರು ಮಾತಿಗಿಂತ ಹೆಚ್ಚು ಹೇಳುತ್ತದೆ. ಕಂಬಿಯ ದಪ್ಪ ಮತ್ತು ಅಂತರವನ್ನೂ ನಕ್ಷೆಗೆ ಹೋಲಿಸಿ. ಉಪ್ಪು ನೀರಿನ ಬೋರ್‌ವೆಲ್ ಬಳಸಿದ್ದರೆ ಅದೇ ಬೋರಿನ ನೀರನ್ನು ಪರೀಕ್ಷೆಗೆ ಕೊಡಿ. ಕಂಬಿ ಇರುವ ಕಾಂಕ್ರೀಟಿಗೆ ಬಳಸುವ ನೀರಿನಲ್ಲಿ ಕ್ಲೋರೈಡ್ ಲೀಟರಿಗೆ 500 ಮಿಲಿಗ್ರಾಂ ಮೀರಬಾರದು. ಆ ಬೋರ್ ನಿಮ್ಮದೇ ಆಗಿದ್ದರೆ ಅವರು ನಿಮ್ಮ ಮೇಲೆ ಹಾಕುತ್ತಾರೆ. ನೀರು ಪರೀಕ್ಷಿಸದೆ ಕೆಲಸ ಶುರು ಮಾಡಿದ್ದು ಅವರೇ ಎಂಬುದು ನಿಮ್ಮ ಉತ್ತರ.

ಕಾಂಕ್ರೀಟಿನ ಬಲದ ಬಗ್ಗೆ: ರಿಬೌಂಡ್ ಹ್ಯಾಮರ್ ಪರೀಕ್ಷೆ ಅಗ್ಗ, ಆದರೆ ಮೇಲ್ಮೈಯ ಗಟ್ಟಿತನವನ್ನಷ್ಟೇ ತೋರಿಸುತ್ತದೆ. ವ್ಯಾಜ್ಯದಲ್ಲಿ ಗಟ್ಟಿಯಾಗಿ ನಿಲ್ಲುವುದು ಕೋರ್ ಪರೀಕ್ಷೆ, ಅಂದರೆ ಕಾಂಕ್ರೀಟಿನಿಂದ ಉರುಳೆಯಾಕಾರದ ತುಂಡು ಕೊರೆದು ಒಡೆದು ನೋಡುವುದು. ಕಂಬಿ ಎಲ್ಲಿದೆ ಎಂದು ಯಂತ್ರದಿಂದ ಮೊದಲು ಗುರುತಿಸಿ, ಅದು ತುಂಡಾಗದಂತೆ ಕನಿಷ್ಠ ಮೂರು ಕಡೆ ಕೋರ್ ತೆಗೆಯಬೇಕು. ಐಎಸ್ 456 ಪ್ರಕಾರ ಮೂರರ ಸರಾಸರಿ ನಿಗದಿತ ಬಲದ 85%ಕ್ಕಿಂತ, ಯಾವ ಒಂದೂ 75%ಕ್ಕಿಂತ ಕಡಿಮೆ ಇರಬಾರದು. ಎಂ20 ಎಂದು ಒಪ್ಪಂದವಾಗಿದ್ದರೆ ಚದರ ಮಿ.ಮೀ.ಗೆ ಸರಾಸರಿ 17, ಪ್ರತ್ಯೇಕವಾಗಿ 15 ನ್ಯೂಟನ್. ಅದಕ್ಕಿಂತ ಕೆಳಗೆ ಬಂದರೆ ಸೋರಿಕೆ ರಿಪೇರಿಯ ಪ್ರಶ್ನೆ ಹೋಗಿ ಸ್ಲ್ಯಾಬ್ ಬಲಪಡಿಸುವ ಪ್ರಶ್ನೆ ಬರುತ್ತದೆ, ನೀವು ಕೇಳುವ ಮೊತ್ತವೂ ಅದರಂತೆ ಬದಲಾಗುತ್ತದೆ. ಕೋರ್ ತೆಗೆಯುವ ದಿನಾಂಕ, ಸಮಯವನ್ನು ಗುತ್ತಿಗೆದಾರರಿಗೆ ಮುಂಚೆಯೇ ಬರಹದಲ್ಲಿ ತಿಳಿಸಿ. ಬರಲಿ, ಬಿಡಲಿ, ತಿಳಿಸಿದ್ದಕ್ಕೆ ಪುರಾವೆ ಇರಲಿ. "ನನ್ನ ಬೆನ್ನ ಹಿಂದೆ ಮಾಡಿಸಿದ ವರದಿ" ಎಂಬ ಆಕ್ಷೇಪ ಅಲ್ಲಿಗೇ ನಿಲ್ಲುತ್ತದೆ.

ದೂರು ಕೊಡುವುದು ಎಲ್ಲಿ? ಚಿತ್ರದುರ್ಗ, ದಾವಣಗೆರೆ ಎರಡರಲ್ಲೂ ಜಿಲ್ಲಾ ಗ್ರಾಹಕರ ವ್ಯಾಜ್ಯಗಳ ಪರಿಹಾರ ಆಯೋಗವಿದೆ. ನೀವು ವಾಸವಿರುವ ಜಿಲ್ಲೆಯಲ್ಲೇ ಕೊಡಬಹುದು, ಗುತ್ತಿಗೆದಾರರು ಬೇರೆ ಊರಿನವರಾದರೂ ಸರಿ. ನೀವು ಕೊಟ್ಟ ಹಣ 50 ಲಕ್ಷದವರೆಗೆ ಇದ್ದರೆ ಜಿಲ್ಲಾ ಆಯೋಗ, ಅದಕ್ಕೆ ಮೇಲ್ಪಟ್ಟು ಎರಡು ಕೋಟಿಯವರೆಗೆ ರಾಜ್ಯ ಆಯೋಗ. ಲೆಕ್ಕಕ್ಕೆ ಬರುವುದು ಕೇಳುವ ಪರಿಹಾರವಲ್ಲ, ಕೊಟ್ಟ ಹಣ. ಶುಲ್ಕ 5 ಲಕ್ಷದವರೆಗೆ ಇಲ್ಲ, 10 ಲಕ್ಷದವರೆಗೆ 200, 20 ಲಕ್ಷದವರೆಗೆ 400, 50 ಲಕ್ಷದವರೆಗೆ 1,000 ರೂಪಾಯಿ. ವಕೀಲರಿಲ್ಲದೆಯೂ ವಾದಿಸಬಹುದು. ಆದರೆ ತಾಂತ್ರಿಕ ವಿಷಯವಿರುವ ನಿಮ್ಮಂಥ ದೂರಿಗೆ ವಕೀಲರನ್ನು ಇಟ್ಟುಕೊಳ್ಳುವುದೇ ಒಳ್ಳೆಯದು. ಸ್ಥಳ ಪರಿಶೀಲನೆಗೆ ಎಂಜಿನಿಯರೊಬ್ಬರನ್ನು ಕಮಿಷನರ್ ಆಗಿ ನೇಮಿಸಿ ಎಂಬ ಅರ್ಜಿಯನ್ನು ದೂರಿನ ಜೊತೆಗೇ ಹಾಕಿ. ಎರಡೂ ಕಡೆಯ ಎಂಜಿನಿಯರುಗಳು ಬೇರೆ ಬೇರೆ ಹೇಳುವಾಗ ಆಯೋಗ ಆ ವರದಿಯ ಕಡೆ ನೋಡುತ್ತದೆ. ನೋಟಿಸ್ ತಲುಪಿದ ಮೇಲೆ ಎದುರು ಪಕ್ಷಕ್ಕೆ ಉತ್ತರಿಸಲು 30 ದಿನ, ಹೆಚ್ಚೆಂದರೆ ಇನ್ನು 15 ದಿನ. ಪರೀಕ್ಷೆ ಬೇಕಾದ ದೂರನ್ನು ಐದು ತಿಂಗಳಲ್ಲಿ ಮುಗಿಸಲು ಯತ್ನಿಸಬೇಕೆಂದು ಕಾಯ್ದೆ ಹೇಳುತ್ತದೆ. ಅದಕ್ಕಿಂತ ಹೆಚ್ಚು ಹಿಡಿಯಬಹುದು ಎಂದುಕೊಂಡೇ ಹೊರಡಿ.

ಪ್ರಶ್ನೆ: ಹರಿಹರದಲ್ಲಿ ಲೇಬರ್ ಕಂಟ್ರಾಕ್ಟ್ ಮೇಲೆ ಮನೆ ಕಟ್ಟಿಸಿದೆ. ಸಾಮಾನೆಲ್ಲ ನಾನೇ ತಂದುಕೊಟ್ಟೆ. ಪ್ಲಾಸ್ಟರ್ ಹಪ್ಪಳದಂತೆ ಏಳುತ್ತಿದೆ. "ನೀವು ತಂದ ಎಂ-ಸ್ಯಾಂಡೇ ಸರಿ ಇರ್ಲಿಲ್ಲ" ಎನ್ನುತ್ತಾನೆ ಮೇಸ್ತ್ರಿ. ಕೂಲಿ ಗುತ್ತಿಗೆಗೂ ಗ್ರಾಹಕ ಕಾಯ್ದೆ ಅನ್ವಯವಾಗುತ್ತದೆಯೇ?

ಆಗುತ್ತದೆ. ಕಾಯ್ದೆಯ ಸೇವೆ ಎಂಬ ವ್ಯಾಖ್ಯೆಯಲ್ಲಿ ಮನೆ ನಿರ್ಮಾಣವೂ ಸೇರಿದೆ. ಚದರಕ್ಕೆ ಇಷ್ಟು ಎಂದು ಮಾತಾಡಿ, ತನ್ನ ಆಳುಗಳನ್ನು ತಂದು, ತನ್ನ ಜವಾಬ್ದಾರಿಯಲ್ಲಿ ಕೆಲಸ ಮಾಡಿಕೊಡುವವನು ನಿಮ್ಮ ಸಂಬಳದ ಆಳಲ್ಲ. ಆದರೆ ಸಾಮಾನು ಸರಿ ಇತ್ತು ಎಂದು ತೋರಿಸುವ ಭಾರ ನಿಮ್ಮ ಮೇಲೆ ಬೀಳುತ್ತದೆ. ಹಾಗಾಗಿ ಬಿಲ್ಲುಗಳನ್ನು ಹುಡುಕಿ, ಮೂಲೆಯಲ್ಲಿ ಉಳಿದ ಮರಳಿದ್ದರೆ ಹತ್ತು ಕೆ.ಜಿ. ಚೀಲಕ್ಕೆ ತುಂಬಿಡಿ. ಎಂ-ಸ್ಯಾಂಡ್‌ನಲ್ಲಿ 75 ಮೈಕ್ರಾನ್ ಜರಡಿ ದಾಟುವ ಪುಡಿ 15% ಮೀರಬಾರದು ಎಂಬುದು ಕಾಂಕ್ರೀಟ್ ಮರಳಿಗೆ ಐಎಸ್ 383 ಹಾಕಿದ ಮಿತಿ, ಪ್ಲಾಸ್ಟರ್ ಮರಳಿನ ಮಿತಿಯನ್ನು ಲ್ಯಾಬಿನಲ್ಲೇ ಕೇಳಿ. ಲ್ಯಾಬಿನಲ್ಲಿ ಇದು ಸಣ್ಣ ಪರೀಕ್ಷೆ.

ಎದ್ದ ಪ್ಲಾಸ್ಟರಿನ ಬೆನ್ನನ್ನು ನೋಡಿ. ಬೆನ್ನು ನುಣ್ಣಗಿದ್ದು ಗೋಡೆ ಹಾಗೇ ಉಳಿದಿದ್ದರೆ ಅಂಟು ಹಿಡಿದಿಲ್ಲ: ಗೋಡೆ ನೆನೆಸದೆ ಹೊಡೆದಿದ್ದಾರೆ, ಅಥವಾ ಕಾಂಕ್ರೀಟ್ ಮೈಗೆ ಕಚ್ಚು ಹಾಕಿಲ್ಲ. ಇದು ಕೆಲಸದ ತಪ್ಪು, ಮರಳಿನದಲ್ಲ. ಬೆರಳಲ್ಲಿ ಉಜ್ಜಿದರೆ ಪುಡಿಪುಡಿಯಾದರೆ ಸಿಮೆಂಟ್ ಕಮ್ಮಿ, ಕ್ಯೂರಿಂಗ್ ಇಲ್ಲ, ಅಥವಾ ಕಲಸಿಟ್ಟ ಗಾರೆ ಗಟ್ಟಿಯಾಗತೊಡಗಿದ ಮೇಲೆ ಮತ್ತೆ ನೀರು ಹಾಕಿ ತಿರುವಿ ಬಳಸಿದ್ದಾರೆ. ಊಟಕ್ಕೆ ಹೋಗಿ ಬಂದು ಅದೇ ಗಾರೆ ಮುಂದುವರಿಸಿದಲ್ಲಿ ಹೀಗಾಗುತ್ತದೆ. ಬೆನ್ನಿಗೆ ಜಿಡ್ಡಾದ ಸಣ್ಣ ಪುಡಿ ಮೆತ್ತಿದ್ದರೆ ಮಾತ್ರ ಮರಳಿನ ಮೇಲೆ ಸಂದೇಹ. ಆಗಲೂ ಅನುಭವಿ ಮೇಸ್ತ್ರಿ ಅದನ್ನು ಕಲಸುವ ಮೊದಲೇ ಹೇಳಬೇಕಿತ್ತು. ಗೋಡೆಗಳನ್ನು ಮರದ ಹಿಡಿಯಿಂದ ತಟ್ಟಿ, ಟೊಳ್ಳು ಸದ್ದು ಬಂದ ಜಾಗಕ್ಕೆ ಸೀಮೆಸುಣ್ಣದ ಗೆರೆ ಹಾಕಿ ಚದರಡಿ ಲೆಕ್ಕ ಮಾಡಿ. "ಪ್ಲಾಸ್ಟರ್ ಎಲ್ಲಾ ಹೋಗಿದೆ" ಎನ್ನುವುದಕ್ಕಿಂತ "1,900 ಚದರಡಿಯಲ್ಲಿ 420 ಚದರಡಿ ಟೊಳ್ಳು" ಎಂಬಂಥ ಲೆಕ್ಕಕ್ಕೆ ಬೆಲೆ ಇದೆ. ಬಾಕಿ ಕೂಲಿ ಇದ್ದರೆ ಆ ಲೆಕ್ಕದಷ್ಟು ಮಾತ್ರ ಹಿಡಿದುಕೊಂಡು ಉಳಿದದ್ದು ಕೊಟ್ಟುಬಿಡಿ. ಎಲ್ಲವನ್ನೂ ತಡೆಹಿಡಿದರೆ ತಕರಾರು ನಿಮ್ಮ ಮೇಲೆ ತಿರುಗುತ್ತದೆ, ಕೂಲಿಯಾಳುಗಳ ಹೊಟ್ಟೆಗೂ ಪೆಟ್ಟು.

ಪ್ರಶ್ನೆ: ಚಳ್ಳಕೆರೆಯಲ್ಲಿ ಮನೆ ಕೆಲಸ ಲಿಂಟಲ್ (ಕಿಟಕಿ, ಬಾಗಿಲ ಮೇಲಿನ ಪಟ್ಟಿ) ಮಟ್ಟಕ್ಕೆ ನಿಂತಿದೆ. ಒಟ್ಟು 30 ಲಕ್ಷದಲ್ಲಿ 18 ಲಕ್ಷ ಕೊಟ್ಟಾಗಿದೆ. ರೇಟು ಜಾಸ್ತಿಯಾಗಿದೆ, ಇನ್ನು 4 ಲಕ್ಷ ಕೊಟ್ಟರೆ ಮಾತ್ರ ಮುಂದುವರಿಸುತ್ತೇನೆ ಎಂದು ಗುತ್ತಿಗೆದಾರ ಆಳುಗಳನ್ನು ಕರೆದುಕೊಂಡು ಹೋಗಿದ್ದಾನೆ. ಬೇರೆಯವರಿಂದ ಮುಗಿಸಿಕೊಳ್ಳಲೇ? ಪೊಲೀಸರಿಗೆ ದೂರು ಕೊಡಲೇ?

ಬೇರೆಯವರನ್ನು ಕರೆತರುವ ಮೊದಲು ಅಳತೆ ಆಗಬೇಕು. ಹೊಸಬರು ಒಂದು ವರಸೆ ಇಟ್ಟಿಗೆ ಇಟ್ಟರೂ ಹಳಬ ಎಲ್ಲಿಗೆ ನಿಲ್ಲಿಸಿದ್ದ ಎಂಬುದಕ್ಕೆ ಜಗಳ ಶುರು. ಜಂಟಿ ಅಳತೆಗೆ ದಿನ, ಸಮಯ ನಿಗದಿ ಮಾಡಿ ಗುತ್ತಿಗೆದಾರನಿಗೆ ಸ್ಪೀಡ್ ಪೋಸ್ಟ್‌ನಲ್ಲಿ, ತಲುಪಿದ್ದಕ್ಕೆ ಪುರಾವೆ ಸಹಿತ ತಿಳಿಸಿ, ವಾಟ್ಸ್ಆ್ಯಪ್‌ನಲ್ಲೂ ಹಾಕಿ. ಆ ದಿನ ಎಂಜಿನಿಯರ್ ಪಾಯ, ಕಾಲಂ, ಗೋಡೆ ಒಂದೊಂದನ್ನೂ ಅಳೆದು ಪುಸ್ತಕದಲ್ಲಿ ಬರೆಯಲಿ, ಇಬ್ಬರು ಸಾಕ್ಷಿಗಳು ಸಹಿ ಹಾಕಲಿ. ಸ್ಥಳದಲ್ಲಿ ಬಿದ್ದಿರುವ ಸಾಮಾನಿಗೂ ಪಟ್ಟಿ ಬೇಕು. ಕಂಬಿಯ ತೂಕಕ್ಕೆ ವ್ಯಾಸವನ್ನು ಅದರಿಂದಲೇ ಗುಣಿಸಿ 162ರಿಂದ ಭಾಗಿಸಿದರೆ ಮೀಟರಿಗೆ ಎಷ್ಟು ಕೆ.ಜಿ. ಎಂದು ಸಿಗುತ್ತದೆ: 8 ಮಿ.ಮೀ. ಕಂಬಿ ಸುಮಾರು 395 ಗ್ರಾಂ, 12 ಮಿ.ಮೀ. 890 ಗ್ರಾಂ. ಅವನು ಬಾಡಿಗೆಗೆ ತಂದ ಸೆಂಟ್ರಿಂಗ್ ಶೀಟು, ಮಿಕ್ಸರ್ ಮುಟ್ಟಬೇಡಿ, ಬಂದು ಒಯ್ಯಲು ನೋಟಿಸಿನಲ್ಲೇ ದಿನ ಕೊಡಿ.

ಆಗಿರುವ ಕೆಲಸದ ಬೆಲೆ ಲೋಕೋಪಯೋಗಿ ಇಲಾಖೆಯ ದರಪಟ್ಟಿ ಇಲ್ಲವೇ ನಿಮ್ಮ ಒಪ್ಪಂದದ ದರದಲ್ಲಿ ಎಷ್ಟಾಗುತ್ತದೆ ನೋಡಿ. 11 ಲಕ್ಷದ ಕೆಲಸಕ್ಕೆ 18 ಲಕ್ಷ ಹೋಗಿದ್ದರೆ 7 ಲಕ್ಷ ಮುಂಗಡವಾಗಿ ಅವನ ಹತ್ತಿರ ಇದೆ. ನಂತರ ಅವನಿಗೆ ನೋಟಿಸ್: "15 ದಿನದಲ್ಲಿ ಕೆಲಸ ಶುರು ಮಾಡದಿದ್ದರೆ ನಿಮ್ಮ ಹೊಣೆ ಮತ್ತು ಖರ್ಚಿನಲ್ಲಿ ಬೇರೆಯವರಿಂದ ಮುಗಿಸಿಕೊಳ್ಳುತ್ತೇನೆ" ಎಂದು. ದರ ಏರಿದರೆ ಹೆಚ್ಚು ಕೊಡಬೇಕೆಂಬ ಷರತ್ತು ಒಪ್ಪಂದದಲ್ಲಿ ಇಲ್ಲದಿದ್ದರೆ ಅವನು ಅದನ್ನು ಕೇಳುವಂತಿಲ್ಲ. ಉಳಿದ ಕೆಲಸಕ್ಕೆ ಮೂರು ಕಡೆಯಿಂದ ಕೊಟೇಶನ್ ತೆಗೆದುಕೊಳ್ಳಿ. ಮುಗಿಸಲು ಹೆಚ್ಚುವರಿ ಬಿದ್ದ ಹಣವನ್ನು 1872ರ ಕರಾರು ಕಾಯ್ದೆಯ 73ನೇ ಕಲಂ ಅಡಿ ನಷ್ಟವಾಗಿ ಕೇಳಬಹುದು.

ನಿಂತ ಕೆಲಸದ ಕಾಲಂಗಳಿಂದ ಚಾಚಿರುವ ಕಂಬಿಗಳಿಗೆ ಸಿಮೆಂಟ್ ಹಾಲು ಬಳಿದು ಪ್ಲಾಸ್ಟಿಕ್ ಸುತ್ತಿಸಿ, ಗೋಡೆಗಳ ತಲೆ ಮುಚ್ಚಿಸಿ. ಮತ್ತೆ ಶುರು ಮಾಡುವಾಗ ಅದನ್ನು ವೈರ್ ಬ್ರಷ್‌ನಿಂದ ಉಜ್ಜಿ ತೆಗೆಸಲು ಮರೆಯಬೇಡಿ.

ಪೊಲೀಸರ ವಿಷಯ: ಒಪ್ಪಂದ ಮುರಿದದ್ದೆಲ್ಲ ವಂಚನೆಯಲ್ಲ. ಹಣ ತೆಗೆದುಕೊಳ್ಳುವಾಗಲೇ ಮೋಸದ ಉದ್ದೇಶವಿತ್ತು ಎಂದು ತೋರಿಸಿದರೆ ಮಾತ್ರ ಭಾರತೀಯ ನ್ಯಾಯ ಸಂಹಿತೆಯ 318ನೇ ಕಲಂ ಬರುತ್ತದೆ. ಲಿಂಟಲ್ ತನಕ ಕಟ್ಟಿದವನ ಮೇಲೆ ಅದು ನಿಲ್ಲುವುದು ಕಷ್ಟ. ಠಾಣೆಗೆ ಅಲೆಯುವ ಹೊತ್ತಿನಲ್ಲಿ ಅಳತೆ ಮುಗಿಸಿ.

ಪ್ರಶ್ನೆ: ದಾವಣಗೆರೆಯಲ್ಲಿ ಬಿಲ್ಡರ್ ಒಬ್ಬರಿಂದ ಫ್ಲ್ಯಾಟ್ ಕೊಂಡಿದ್ದೇವೆ. ಮೂರನೇ ವರ್ಷಕ್ಕೆ ಬಚ್ಚಲುಮನೆ ಸೋರಿ ಕೆಳಗಿನವರ ಸೀಲಿಂಗ್ ಹಾಳಾಗಿದೆ. ನಾವೂ ಎರಡು ವರ್ಷದ ಲೆಕ್ಕವೇ?

ನಿಮ್ಮದು ಬೇರೆ. ಯೋಜನೆ ರೇರಾದಲ್ಲಿ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನೋಂದಣಿಯಾಗಿದ್ದರೆ 2016ರ ರಿಯಲ್ ಎಸ್ಟೇಟ್ ಕಾಯ್ದೆಯ 14(3) ಕಲಂ ಪ್ರಕಾರ, ಸ್ವಾಧೀನಕ್ಕೆ ಬಂದು ಐದು ವರ್ಷದೊಳಗೆ ತಿಳಿಸಿದ ರಚನಾ ದೋಷ, ಕೆಲಸದ ದೋಷಗಳನ್ನು ಬಿಲ್ಡರ್ 30 ದಿನದಲ್ಲಿ ತಮ್ಮ ಖರ್ಚಿನಲ್ಲಿ ಸರಿಪಡಿಸಬೇಕು. ಬರಹದಲ್ಲಿ ತಿಳಿಸಿದ ದಿನದಿಂದ 30 ದಿನ ಎಣಿಸಿ. ದೂರನ್ನು ಕರ್ನಾಟಕ ರೇರಾದ ವೆಬ್‌ಸೈಟಿನಲ್ಲೇ ಸಲ್ಲಿಸಬಹುದು. ನಿಮ್ಮ ಸ್ವಂತ ಸೈಟಿನಲ್ಲಿ ಗುತ್ತಿಗೆದಾರ ಕಟ್ಟಿದ ಮನೆಗೆ ಇದು ಬರುವುದಿಲ್ಲ. ಸೋರಿಕೆಯ ಮೂಲ ನಹಾನಿ ಟ್ರ್ಯಾಪಿನ (ಬಚ್ಚಲ ನೆಲದ ನೀರು ಹೋಗುವ ಜಾಲರಿ ಬಾಯಿ) ಸುತ್ತಲೋ ಪೈಪ್ ಜಾಯಿಂಟಿನಲ್ಲೋ ತಿಳಿಯಲು, ಟ್ರ್ಯಾಪಿನ ಬಾಯಿ ಕಟ್ಟಿ ಬಣ್ಣದ ನೀರು ನಿಲ್ಲಿಸಿ ನೋಡಿ. ಬಣ್ಣ ಕೆಳಗೆ ಇಳಿದರೆ ನೆಲದ ವಾಟರ್‌ಪ್ರೂಫಿಂಗ್ ಕೆಟ್ಟಿದೆ. ಇಳಿಯದಿದ್ದರೆ ಪೈಪ್ ಕಡೆ ಹುಡುಕಿ.

ಪ್ರಶ್ನೆ: ಹೊಳಲ್ಕೆರೆಯಲ್ಲಿ ಬರುವ ಯುಗಾದಿ ನಂತರ ಮನೆ ಶುರು ಮಾಡಬೇಕೆಂದಿದ್ದೇವೆ. ಗುತ್ತಿಗೆದಾರರು ನಂಟರೇ. ಕರಾರುಪತ್ರ ಕೇಳಿದರೆ ಬೇಜಾರು ಮಾಡಿಕೊಳ್ಳುತ್ತಾರೇನೋ. ಕೇಳಲೇಬೇಕೇ?

ಕೇಳಿ. ಬರಹ ಇದ್ದರೆ ನಂಟಸ್ತನವೂ ಉಳಿಯುತ್ತದೆ. ಆದರೆ "ಒಳ್ಳೆಯ ಗುಣಮಟ್ಟದ ಸಾಮಾನು" ಎಂದಷ್ಟೇ ಬರೆದ ಕರಾರಿನಿಂದ ಉಪಯೋಗವಿಲ್ಲ. ಪಾಯದ ಆಳ ಎಷ್ಟು ಅಡಿ, ಗೊಚ್ಚು ಸಿಗದಿದ್ದರೆ ಹೆಚ್ಚುವರಿ ಅಡಿಗೆ ದರ ಎಷ್ಟು, ಬೇಸ್‌ಮೆಂಟ್‌ಗೆ ಯಾವ ಮಣ್ಣು, ಕಾಂಕ್ರೀಟ್ ಎಂ20, ಕಂಬಿ ಯಾವ ಗ್ರೇಡ್, ಗೋಡೆ ಎಷ್ಟು ಇಂಚು, ತಾರಸಿಗೆ ಇಳಿಜಾರು ಎಷ್ಟು, ಎಲ್ಲ ಅಂಕಿಯಲ್ಲಿ ಇರಲಿ. ಕ್ಯೂರಿಂಗ್ ಯಾರ ಹೊಣೆ ಎಂಬುದನ್ನು ತಪ್ಪದೆ ಬರೆಯಿರಿ. ಪಿಪಿಸಿ (ಹೆಚ್ಚಾಗಿ ಹಾರುಬೂದಿ ಬೆರೆಸಿದ) ಸಿಮೆಂಟಿಗೆ ಕನಿಷ್ಠ 10 ದಿನ ಬೇಕು, ಯುಗಾದಿ ನಂತರದ ಬಿಸಿಲಿನಲ್ಲಿ 14 ದಿನ ಮಾಡಿಸಿ. "ನೀರು ನೀವೇ ಹೊಡ್ಕೊಳ್ಳಿ" ಎಂದು ಮೇಸ್ತ್ರಿ ಹೇಳಿ ಹೋದರೆ ಮುಂದೆ ಎಲ್ಲ ಬಿರುಕಿಗೂ ನೀವೇ ಕಾರಣರಾಗುತ್ತೀರಿ.

ಸ್ಲ್ಯಾಬ್ ಹಾಕುವ ದಿನ 150 ಮಿ.ಮೀ. ಅಚ್ಚಿನಲ್ಲಿ ಆರು ಕ್ಯೂಬ್ ತೆಗೆಸಿ. ಮೂರನ್ನು 7ನೇ ದಿನ, ಮೂರನ್ನು 28ನೇ ದಿನ ಲ್ಯಾಬಿನಲ್ಲಿ ಒಡೆಸಿ ವರದಿ ಪಡೆಯಿರಿ. ಮುಂದೆ ಕೋರ್ ತೆಗೆಸುವ ಖರ್ಚಿಗೆ ಹೋಲಿಸಿದರೆ ಇದು ಏನೂ ಅಲ್ಲ. ಸ್ಲ್ಯಾಬಿನ ಆಧಾರದ ಕಂಬಗಳನ್ನು ನಾಲ್ಕೂವರೆ ಮೀಟರ್ ತನಕದ ಅಗಲಕ್ಕೆ 7 ದಿನ, ಅದಕ್ಕೂ ಹೆಚ್ಚಿದ್ದರೆ 14 ದಿನ ಬಿಡಬೇಕೆಂಬುದು ಸಾಮಾನ್ಯ ಸಿಮೆಂಟಿಗೆ ಐಎಸ್ 456 ಹೇಳುವ ಕನಿಷ್ಠ ಅವಧಿ. ಪಿಪಿಸಿಗೆ ಇನ್ನಷ್ಟು ದಿನ ಬಿಡಿಸಿ.

ಹಣವನ್ನು ದಿನಾಂಕದ ಲೆಕ್ಕದಲ್ಲಿ ಕೊಡದೆ ಕೆಲಸದ ಹಂತದ ಲೆಕ್ಕದಲ್ಲಿ ಕೊಡಿ, ಬ್ಯಾಂಕ್ ಮೂಲಕವೇ ಕೊಡಿ. ನಗದು ಕೊಟ್ಟರೆ ರಶೀದಿ ಇಲ್ಲದೆ ಕೊಡಬೇಡಿ, ನಂಟರಾದರೂ. ಪ್ರತಿ ಹಂತದ ಹಣ ಆ ಹಂತ ಮುಗಿದು ಎಂಜಿನಿಯರ್ ನೋಡಿದ ಮೇಲೆ. ಒಟ್ಟು ಮೊತ್ತದಲ್ಲಿ 5% ಹಣವನ್ನು ಒಂದು ವರ್ಷ ಹಿಡಿದಿಡುವ ಷರತ್ತು ಹಾಕಿ. ಸಾಲು ಹೀಗಿರಲಿ: "ಕೆಲಸ ಪೂರ್ಣಗೊಂಡು ಸ್ವಾಧೀನಕ್ಕೆ ಕೊಟ್ಟ ದಿನದಿಂದ 12 ತಿಂಗಳೊಳಗೆ ಕಂಡುಬರುವ ಸೋರಿಕೆ, ಬಿರುಕು, ನೆಲ ಕುಸಿತಗಳನ್ನು ಗುತ್ತಿಗೆದಾರರು ಲಿಖಿತ ಸೂಚನೆ ತಲುಪಿದ 15 ದಿನದಲ್ಲಿ ಸ್ವಂತ ಖರ್ಚಿನಿಂದ ಸರಿಪಡಿಸತಕ್ಕದ್ದು, ತಪ್ಪಿದಲ್ಲಿ ಮಾಲೀಕರು ತಡೆಹಿಡಿದ ಹಣದಿಂದ ಬೇರೆಯವರ ಮೂಲಕ ಸರಿಪಡಿಸಿಕೊಂಡು, ಉಳಿದ ಹಣವನ್ನು ಲೆಕ್ಕ ಸಹಿತ ಹಿಂದಿರುಗಿಸತಕ್ಕದ್ದು." ಹನ್ನೆರಡು ತಿಂಗಳೇ ಏಕೆಂದರೆ ಒಂದು ಪೂರ್ತಿ ಮಳೆಗಾಲ, ಒಂದು ಪೂರ್ತಿ ಬೇಸಿಗೆ ಅದರೊಳಗೆ ಬರಬೇಕು. ಕರಾರಿನ ಪ್ರತಿ ಪುಟಕ್ಕೂ, ನಕ್ಷೆಯ ಪ್ರತಿಗೂ ಇಬ್ಬರ ಸಹಿ ಇರಲಿ.